ಅಮಾಸಿಯ ದಿನದ ಜರ್ಮನ್ ತರಗತಿ

ಸಗಣಿಯಿಂದ ಸಾರಿಸಿದ ನೆಲದ ಹಸಿ ವಾಸನೆ. ಚಿಕ್ಕಂದಿನಲ್ಲಿ ಸಾಲಹಳ್ಳಿಯ ಶಾಲೆಗೆ ಕಾಲಿಟ್ಟೊಡನೆ ಮೂಗಿಗೆ ಬಡಿಯುತ್ತಿದ್ದ ಆ ವಾಸನೆ ನಾಗರತ್ನಾಳಿಗೆ ಈ ಖಾಲಿ ಕೋಣೆಯಲ್ಲಿ ಯಾಕೋ ನೆನಪಾಯಿತು. ಇಲ್ಲಿ, ರಾಮದುರ್ಗದ ಹೈಸ್ಕೂಲಿನಲ್ಲಿ, ಫರಸಿಕಲ್ಲಿನ ನೆಲ. ನಿನ್ನೆ ಸಂಜೆ ಮಕ್ಕಳೇ ತೊಳೆದು, ಹಲಗೆಯ ಮೇಲೆ ಜರ್ಮನ್‌ನಲ್ಲಿ ಸ್ವಾಗತ ಬರೆದು ಹೋಗಿದ್ದರು. ಈಗ ಬೆಂಚುಗಳ ಮೇಲೆ ಒಬ್ಬರೂ ಇರಲಿಲ್ಲ.

ಪುಣೆಯಿಂದ ಬಂದಿದ್ದ ಬಾಪಟ್ ಬಾಯಿ ಕೈಗಡಿಯಾರ ನೋಡಿಕೊಂಡರು. ತೊಂಬತ್ತೆಂಟರಲ್ಲಿ ಇಲ್ಲಿ ಜರ್ಮನ್ ಶುರುವಾದಾಗಿನಿಂದ ಪುಸ್ತಕ, ನಾಗರತ್ನಾಳ ಪಗಾರ ಎಲ್ಲ ಅವರ ಸಂಸ್ಥೆಯದೇ. ಇವತ್ತು ಮಕ್ಕಳು ಜರ್ಮನ್ ಮಾತಾಡುವುದನ್ನು ಅವರು ಕೇಳಿ ಮೆಚ್ಚಿದರೆ ಮಾತ್ರ ಮುಂದಿನ ವರ್ಷ ತರಗತಿ ಉಳಿಯುತ್ತಿತ್ತು.

ಹೆಡ್‌ಮಾಸ್ತರ್ ಶಂಕರೆಪ್ಪ ಬಾಗಿಲಲ್ಲಿ ನಿಂತು ನಾಗರತ್ನಾಳತ್ತ ತಿರುಗಿದರು. "ಬಾಯಾರ, ಇವತ್ತ ಎಳ್ಳ ಅಮಾಸಿ ಅನ್ನೂದು ಮರತ್ರೇನ? ಚರಗಾ ಚೆಲ್ಲಾಕ ಊರಿಗೂರ ಹೊಲಕ್ಕ ಹೋಗೇತಿ. ನೀವು ತಾರೀಖ ಗೊತ್ತ ಮಾಡೂಮುಂದ ನಾ ಬೆಳಗಾವ್ಯಾಗಿದ್ದೆ, ಇಲ್ಲಂದ್ರ ಹೇಳತಿದ್ದೆ."

"ಮಕ್ಕಳನ್ನ ಕೇಳಿದ್ದೆನ್ರಿ. ಬರತೀರೇನ ಅಂದ್ರ ಎಲ್ಲಾರೂ ಹೂಂ ಅಂದ್ರು."

"ಬಾಯಾರ ಕೇಳಿದ್ರ ಹೂಂ ಅನ್ನದ ಮತ್ತೇನ ಅಂತಾವ? ಸಾಲಹಳ್ಳಿ ಮಗಳಾಗಿ ಇಷ್ಟೂ ತಿಳೀಲಿಲ್ಲ! ಪುಣೇದ ನೀರ ಭಾಳ ಕುಡದೀರಿ ಬಿಡ್ರಿ."

ನಗಿಸಲೆಂದೇ ಅವರು ಹಾಗೆಂದದ್ದು. ನಾಗರತ್ನಾಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಬೆಳೆದು ನಿಂತ ಹೊಲಕ್ಕೆ ಮನೆಮಂದಿಯೆಲ್ಲ ಬುತ್ತಿ ಹೊತ್ತು ಹೋಗಿ, ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಉಣ್ಣುವ ದಿನ. ಕ್ಯಾಲೆಂಡರಿನಲ್ಲಿ ಅದು ಕೆಂಪು ತಾರೀಖಲ್ಲ. ಗಂಡನ ಕೆಲಸದ ಊರಾದ ಪುಣೆಯಲ್ಲಿ ಅವಳು ಕಳೆದ ವರ್ಷಗಳಲ್ಲಿ ಅದು ನೌಕರಿಯ ಇನ್ನೊಂದು ದಿನವಷ್ಟೇ ಆಗಿತ್ತು.

ಬಾಪಟ್ ಬಾಯಿ ಮೆಲ್ಲಗೆ ಹೇಳಿದರು: "ನನಗೂ ಬ್ಯಾಸರಾಗ್ತದ ನಾಗರತ್ನಾತಾಯಿ. ಆದ್ರ ಒಂದ ಮಗೂನೂ ನೋಡದ, ಛಲೋ ನಡದದ ಅಂತ ಅಲ್ಲಿ ಹೆಂಗ ಹೇಳ್ಲಿ? ತರಗತಿ ಈ ವರ್ಷಕ್ಕ ಮುಗಸೋಣ."

"ಆಗಲಿರಿ," ಎಂದಳು ನಾಗರತ್ನಾ. ಬೇರೆ ಯಾರದೋ ತರಗತಿಯ ಮಾತು ಎಂಬಂತೆ ಎದ್ದು ಹೋಗಿ ಕಿಟಕಿಗಳನ್ನು ಮುಚ್ಚತೊಡಗಿದಳು.

ಮಧ್ಯಾಹ್ನದ ಬಸ್ಸು ತಪ್ಪಿತ್ತು. ಪೇಟೆಯ ಖಾನಾವಳಿಗಳೂ ಮುಚ್ಚಿದ್ದವು. ಶಂಕರೆಪ್ಪ ತಮ್ಮ ಕುರ್ಚಿಯನ್ನೇ ಹೊತ್ತು ತಂದು ಬಾಪಟ್ ಬಾಯಿಗೆಂದು ಪಡಸಾಲೆಯ ನೆರಳಿಗೆ ಹಾಕಿ, ಕಾದಿದ್ದ ಮನೆಮಂದಿಯ ಜೊತೆ ತಮ್ಮ ಹೊಲಕ್ಕೆ ಹೋದರು. ಇಬ್ಬರು ಹೆಂಗಸರೂ ಸಂಜೆಯ ಬಸ್ಸಿಗೆ ಕಾಯುತ್ತ ಕೂತರು.

ಹೊತ್ತು ಇಳಿಯುವಾಗ ಒಂಬತ್ತನೇ ತರಗತಿಯ ರಾಯವ್ವ ಓಡುತ್ತ ಬಂದಳು. ಹೊಸ ಲಂಗದ ಅಂಚಿಗೆಲ್ಲ ಎರಿಮಣ್ಣು. ಕಂಕುಳಲ್ಲಿ ಒಂದು ಗಂಟು.

"ಬಾಯಾರ, ಅಪ್ಪನ್ನ ಕಾಡಿ ಲಗೂನ ಚರಗಾ ಚೆಲ್ಲಿಸಿ ಬಂದೇನ್ರಿ. ಉಳದಾರು ಇನ್ನೂ ಹೊಲದಾಗ ಅದಾರ. ನಾ ಒಬ್ಬಾಕಿ ಮಾತಾಡಿ ತೋರಿಸಿದ್ರ ನಡೀತೈತೇನ್ರಿ?"

ನಾಗರತ್ನಾ ಅವಳ ಮುಖ ನೋಡಲಿಲ್ಲ. "ಮುಗೀತವ್ವ. ಆತು."

ರಾಯವ್ವ ಏದುಸಿರು ಬಿಡುತ್ತ ಒಮ್ಮೆ ಬಾಯಾರನ್ನು, ಒಮ್ಮೆ ಕುರ್ಚಿಯಲ್ಲಿದ್ದ ಪರವೂರಿನ ಹೆಂಗಸನ್ನು ನೋಡಿದಳು. ಅಲ್ಲೇ ಕೆಳಗೆ ಕೂತು ಗಂಟು ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಮೇಲೆ ಬದನೆಕಾಯಿ ಎಣ್ಣೆಗಾಯಿ, ಪಕ್ಕಕ್ಕೊಂದು ಕಡುಬು ಇಟ್ಟಳು. ಎದ್ದು, ಎರಡೂ ಕೈಯಲ್ಲಿ ಹಿಡಿದು, ಮೊದಲು ಬಾಪಟ್ ಬಾಯಿಗೆ ಕೊಟ್ಟಳು.