ಲಾರಿ ಹತ್ತದವಳು

ಭಾನುವಾರ ಬೆಳಿಗ್ಗೆ ರೊವೀನಾ ಒಲೆಯ ಮುಂದೆ ನಿಂತು ಸಾಸೇಜಿನ ಗ್ರೇವಿ ತಿರುವುತ್ತಿದ್ದಳು. ಅತ್ತೆ ವರ್ಲೀನ್ ಹಿಂದಿನ ದಿನವಷ್ಟೇ ಆರ್ಕನ್ಸಾದಿಂದ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಳು. ಬಂದವಳು ಮಗನಿಗೆ ಹೊಗೆಯಾಡಿಸಿದ ಹಂದಿ ತೊಡೆ, ಮೊಮ್ಮಗಳಿಗೆ ಉಲ್ಲನ್ ಟೋಪಿ ತಂದಿದ್ದಳು. ಸೊಸೆಗೆ ಬುದ್ಧಿಮಾತು ತಂದಿದ್ದಳು.

"ಗಂಟಾಗ್ತಿದೆ ನೋಡೇ ಹುಡುಗಿ. ಹಾಲು ನಿಧಾನಕ್ಕೆ ಹಾಕ್ಬೇಕು. ಹೋಗ್ಲಿ ಬಿಡು, ಅಲ್ಲಿಗೆ ಬಂದ್ಮೇಲೆ ನಾನೇ ಕಲಿಸ್ತೀನಿ."

"ಎಲ್ಲಿಗೆ ಅಮ್ಮಾ?"

"ಇದೇನು, ಡೆರಿಲ್ ಹೇಳ್ಲಿಲ್ವಾ? ಶನಿವಾರ ಲಾರಿ ಬರುತ್ತೆ. ನಮ್ಮೂರಿಗೆ, ಇನ್ನೆಲ್ಲಿಗೆ!"

ಡೆರಿಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೇಳೋಣ ಅಂತಿದ್ದೆ. ಈಗ ಗೊತ್ತಾಯ್ತಲ್ಲ."

"ನನ್ನ ಸ್ಕೂಲು?" ಎಂದಳು ಆರು ವರ್ಷದ ವಿಲ್ಲಾ.

"ಅಲ್ಲೂ ಸ್ಕೂಲಿದೆ. ತಿನ್ನು."

ಮಗು ಬಾಯಿಗಿಟ್ಟದ್ದನ್ನು ಅಗಿಯದೆ ಅಪ್ಪನ ಕೈಯನ್ನೇ ನೋಡುತ್ತಿತ್ತು. ವಿಲ್ಲಾ ರಾತ್ರಿ ಶೂ ಹಾಕಿಕೊಂಡೇ ಮಲಗುತ್ತಿದ್ದಳು. ಅಮ್ಮ "ಓಡು" ಎಂದಾಗ ಹುಡುಕುತ್ತಾ ಕೂರಬಾರದಲ್ಲ, ಅದಕ್ಕೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಕಲಿತದ್ದು.

ಗಾಳಿಯಂತ್ರದ ಕಂಬಗಳನ್ನು ನಿಲ್ಲಿಸುವ ಕೆಲಸ ಸಿಕ್ಕಿ ಡೆರಿಲ್ ಸಂಸಾರವನ್ನು ಕಾನ್ಸಾಸ್‌ಗೆ ಕರೆತಂದು ವರ್ಷ ದಾಟಿತ್ತು. ಹೊಡೆತ ಇಲ್ಲೂ ಇತ್ತು. ಆದರೆ ಇಲ್ಲಿ ಅವರ ಊರಿನ ಚರ್ಚಿನ ಸಭೆ ಇರಲಿಲ್ಲ, ಪಾಸ್ಟರ್ ಹೋಲ್ಟ್ ಇರಲಿಲ್ಲ. ರೊವೀನಾಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿನ ಹೆಂಗಸರು ಅವಳ ಕೈ ಮೇಲಿನ ನೀಲಿ ಗುರುತು ಕಂಡಾಗ "ನೀನೇನು ಮಾಡಿದ್ದೆ?" ಎನ್ನದೆ "ಅವನೇನು ಮಾಡಿದ?" ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಹಾಗೆ ತಿರುಗಿಸಿ ಕೇಳಬಹುದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಆರ್ಕನ್ಸಾದ ಆ ಬೆಟ್ಟದೂರಿನಲ್ಲಿ ಇಪ್ಪತ್ತರ ಹರೆಯದಲ್ಲಿ ಅವಳ ಮದುವೆಯಾಗಿತ್ತು. ಆ ರಾಜ್ಯದ ಕಾನೂನಿನಲ್ಲಿ ಎರಡು ಬಗೆಯ ಮದುವೆಗಳುಂಟು. ಒಂದು ಸಾದಾ ಮದುವೆ, ಇನ್ನೊಂದು ಒಡಂಬಡಿಕೆಯ ಮದುವೆ. ಎರಡನೆಯದಕ್ಕೆ ಸಹಿ ಹಾಕಿದವರು ಹೊಂದಿಕೆಯಾಗಲಿಲ್ಲವೆಂದು ಸುಮ್ಮನೆ ಬೇರೆಯಾಗುವಂತಿಲ್ಲ. ತಪ್ಪು ತೋರಿಸಬೇಕು, ಇಲ್ಲವೇ ವರ್ಷಗಟ್ಟಲೆ ದೂರವಿದ್ದು ಕಾಯಬೇಕು. ಕಾನೂನು ಯಾರನ್ನೂ ಅದಕ್ಕೆ ಬಲವಂತ ಮಾಡುವುದಿಲ್ಲ, ನಿಜ. ಆದರೆ ಹೋಲ್ಟನ ಸಭೆಯಲ್ಲಿ ಅದೇ ಪದ್ಧತಿ. ಸಾದಾ ಮದುವೆ ಕೇಳಿದ ಹುಡುಗಿಗೆ "ಬಾಗಿಲು ತೆರೆದಿಟ್ಟುಕೊಂಡೇ ಒಳಗೆ ಬರುವವಳು" ಎಂಬ ಹೆಸರು. ಕೈಯಲ್ಲಿ ಹೂಗೊಂಚಲು ಹಿಡಿದು ನಾಚುತ್ತಾ ನಿಂತವಳಿಗೆ ಇಂಥ ಸಹಿಯ ಅರ್ಥವೇನು ತಿಳಿದೀತು!

ಮದುವೆಯಾದ ವರ್ಷವೇ ಡೆರಿಲ್ ಅವಳ ಭುಜದೆಲುಬು ಮುರಿದ. ಪಾಸ್ಟರ್ ಇಬ್ಬರನ್ನೂ ಕೂರಿಸಿಕೊಂಡು ಸಲಹೆ ಕೊಟ್ಟ. "ಅವನ ಸಿಟ್ಟು ಯಾವಾಗ ಏರುತ್ತೆ ಅಂತ ಗಮನಿಸಮ್ಮ. ಆಗ ನೀನು ಇಳಿ." ಅಷ್ಟೇ ಸಲಹೆ. ಅದೇ ಸಭೆಯಲ್ಲಿ ಓಪಲ್ ಎಂಬ ಹೆಂಗಸಿದ್ದಳು. ಗಂಡನ ಹೊಡೆತ ತಾಳದೆ ಅವಳು ಎಷ್ಟು ಸಲ ತವರಿಗೆ ಓಡಿದರೂ ಹಿರಿಯರು ಹೋಗಿ ಕರೆತಂದರು. ಕೊನೆಯ ಸಲ ಅವಳು ಚರ್ಚಿಗೆ ಬಂದದ್ದು ಪೆಟ್ಟಿಗೆಯಲ್ಲಿ. ಆ ಹೆಣದ ಮುಂದೆ ನಿಂತು ಹೋಲ್ಟ್ ಹೇಳಿದ್ದ: "ಈ ತಾಯಿ ಕೊಟ್ಟ ಮಾತನ್ನು ಸಾಯುವ ತನಕ ಉಳಿಸಿಕೊಂಡಳು." ಕೊಂದವನ ಹೆಸರನ್ನು ಆತ ಎತ್ತಲಿಲ್ಲ. ಸಭೆಯೆಲ್ಲ ಆಮೆನ್ ಎಂದಿತು. ರೊವೀನಾಳೂ ಎಂದಿದ್ದಳು.

ಸೋಮವಾರ ಸಂಜೆ ಪಾತ್ರೆ ಕಟ್ಟುವಾಗ ಅವಳು ಧೈರ್ಯ ಮಾಡಿ ಗಂಡನನ್ನು ಕೇಳಿದಳು. "ಇಲ್ಲಿ ಕೆಲಸ ಚೆನ್ನಾಗೇ ಇದೆಯಲ್ಲ. ಯಾಕೆ ಹೋಗ್ಬೇಕು?"

"ಯಾಕಾ? ನಮ್ಮ ತಂಡದವನ ಹೆಂಡ್ತಿ ಹೋದ ತಿಂಗಳು ಡೈವೋರ್ಸ್ ತಗೊಂಡ್ಲು. ಅಂಗಡಿಯಿಂದ ಎದ್ದು ಬಂದಂಗೆ ಕೋರ್ಟಿಂದ ಬಂದ್ಲು, ಯಾರೂ ಯಾಕೆ ಅಂತ ಕೇಳ್ಲಿಲ್ಲ. ನೀನೂ ಆ ಅಡುಗೆಮನೆ ಹೆಂಗಸರ ಮಾತು ಕೇಳಿ ತಲೆ ಎತ್ತೋಕೆ ಶುರು ಮಾಡಿದೀಯ. ನಮ್ಮೂರಲ್ಲಿ ಅದೆಲ್ಲ ನಡೆಯಲ್ಲ. ಎಂಥದಕ್ಕೆ ಸಹಿ ಹಾಕಿದೀಯ ಅಂತ ನೆನಪಿಟ್ಕೋ."

ಹೆದರಿಸಲೆಂದು ಆಡಿದ ಮಾತು. ಆದರೆ ಅವಳಿಗೆ ದಾರಿ ತೋರಿಸಿದ್ದೂ ಅದೇ ಮಾತು. ರಾಜ್ಯ ಬದಲಾದರೆ ಕಾನೂನೂ ಬದಲಾಗುತ್ತದೆಯೇ? ಹಾಗಿದ್ದರೆ ಅದು ಅವನಿಗೊಬ್ಬನಿಗೇ ಏಕೆ ಗೊತ್ತಿರಬೇಕು?

ಬುಧವಾರ ಮಧ್ಯಾಹ್ನ ಕೆಲಸ ಮುಗಿಸಿ ಅವಳು ಊರ ಗ್ರಂಥಾಲಯಕ್ಕೆ ಹೋದಳು. ಅಲ್ಲಿ ಇನೆಸ್ ಎಂಬ ವಕೀಲೆ ವಾರಕ್ಕೊಮ್ಮೆ ಕೂತು ಬಡವರಿಗೆ ಸಲಹೆ ಕೊಡುತ್ತಿದ್ದಳು.

"ಮದುವೆ ಆದ ಕಡೆಯೇ ಬಿಡಿಸ್ಕೋಬೇಕು ಅಂತಾರಲ್ಲ ಮೇಡಂ?"

"ಯಾರಂದ್ರು?"

"ನಮ್ಮ ಪಾಸ್ಟರ್."

"ಮದುವೆ ಮಾಡಿಸೋದು ಅವರ ಕೆಲಸ. ಇದು ನನ್ನ ಕೆಲಸ," ಇನೆಸ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಎಲ್ಲಿ ಮದುವೆ ಆಯ್ತು ಅಂತ ಕೋರ್ಟು ನೋಡಲ್ಲ, ಎಲ್ಲಿ ವಾಸ ಇದೀರ ಅಂತ ನೋಡುತ್ತೆ. ನೀವು ಆರ್ಕನ್ಸಾಗೆ ವಾಪಸ್ ಹೋಗಿ ಅಲ್ಲಿ ಅರ್ಜಿ ಹಾಕ್ತೀರಿ ಅಂದ್ಕೊಳ್ಳಿ. ಹೊಡೆದದ್ದಕ್ಕೆ ಅಲ್ಲೂ ಬಿಡುಗಡೆ ಇದೆ, ಇಲ್ಲ ಅಂತಲ್ಲ. ಆದ್ರೆ ಮೊದಲು ಸಲಹೆಗಾರರ ಮುಂದೆ ಕೂರ್ಬೇಕು. ಆಮೇಲೆ ಹೊಡೆದ ಅಂತ ಸಾಬೀತು ಮಾಡ್ಬೇಕು. ನಿಮ್ಮ ಮಾತೊಂದೇ ಸಾಲಲ್ಲ, ಇನ್ನೊಬ್ಬರ ಸಾಕ್ಷಿ ಬೇಕು. ಯಾರು ಬರ್ತಾರೆ?"

ರೊವೀನಾ ಆ ಊರಿನ ಒಂದೊಂದು ಮುಖವನ್ನೂ ನೆನೆದಳು. ಓಪಲ್‌ಗಾಗಿ ಬಾಯಿ ತೆರೆಯದವರು ತನಗಾಗಿ ತೆರೆದಾರೆಯೇ?

"ಓಕ್ಲಹೋಮಾದಲ್ಲಿ ನಮ್ಮಣ್ಣ ಇದಾನೆ. ಅಲ್ಲಿಗೆ ಓಡಿಹೋದ್ರೆ?"

"ಅಲ್ಲಿ ಅರ್ಜಿ ಹಾಕೋಕೆ ಆರು ತಿಂಗಳು ವಾಸ ಇರ್ಬೇಕು. ಅಷ್ಟು ದಿನ ನಿಮ್ಮ ಗಂಡ ಕೈಕಟ್ಟಿ ಕೂರ್ತಾನಾ? ಇಲ್ಲಿ ಎರಡು ತಿಂಗಳು ಸಾಕು, ನಿಮಗೆ ಆಗಲೇ ವರ್ಷ ದಾಟಿದೆ. ಹೊಂದಿಕೆ ಇಲ್ಲ ಅಂದ್ರೆ ಸಾಕು, ಈ ಕೋರ್ಟು ಈ ರಾಜ್ಯದ ಕಾನೂನನ್ನೇ ನೋಡುತ್ತೆ. ಮಗು ಯಾರ ಹತ್ರ ಇರ್ಬೇಕು ಅನ್ನೋದೂ ಇಲ್ಲೇ ತೀರ್ಮಾನ ಆಗುತ್ತೆ, ಯಾಕಂದ್ರೆ ಆರು ತಿಂಗಳಿಗೂ ಮೇಲಿಂದ ಅವಳ ಮನೆ ಇದೇ. ಆದ್ರೆ ಶನಿವಾರ ಆ ಲಾರಿ ಹತ್ತಿದ್ರಿ ಅನ್ನಿ, ಇದೆಲ್ಲ ಒಂದೊಂದಾಗಿ ಕೈ ಜಾರುತ್ತೆ."

ಅಳುತ್ತಾಳೆಂದುಕೊಂಡು ಇನೆಸ್ ನೀರಿನ ಲೋಟ ಮುಂದಿಟ್ಟಳು. ರೊವೀನಾ ಅಳಲಿಲ್ಲ. ಅವಳ ಕಿವಿಗಳು ಕೆಂಪೇರಿದ್ದವು.

"ಅಂದ್ರೆ ರಾಜ್ಯದ ಗೆರೆಯಿಂದ ಈಚೆಗೆ ನಾನು ಮನುಷ್ಯಳು, ಆಚೆಗೆ ಅವನ ಸಾಮಾನು. ಅದಕ್ಕೇ ಲಾರಿ ತರಿಸಿದಾನೆ."

"ಇಲ್ಲೇ ಹಾಕೋಣವಾ?"

"ಇವತ್ತೇ ಹಾಕಿ ಮೇಡಂ."

ಆ ರಾತ್ರಿಯೇ ವಿಲ್ಲಾಳನ್ನು ಕರೆದುಕೊಂಡು ಶಾಲೆಯ ಅಡುಗೆಮನೆಯ ಗೆಳತಿಯೊಬ್ಬಳ ಮನೆಗೆ ಹೋಗಿಬಿಡಿ ಎಂದು ಇನೆಸ್ ಒತ್ತಾಯಿಸಿದಳು. ರೊವೀನಾ ಹಾಗೇ ಮಾಡಿದಳು. ಡೆರಿಲ್‌ಗೆ ಸಿಕ್ಕಿದ್ದು ಖಾಲಿ ಮನೆ, ಸೊಸೆಗೆ ಫೋನು ಹಚ್ಚಿ ಹಚ್ಚಿ ಸಾಕಾದ ತಾಯಿ.

ಶನಿವಾರ ಬೆಳಿಗ್ಗೆ ರೊವೀನಾ ಮಗಳನ್ನು ಗೆಳತಿಯ ಹತ್ತಿರ ಬಿಟ್ಟು, ಶೆರಿಫನ ಕಡೆಯ ಪೊಲೀಸ್ ಅಧಿಕಾರಿಯ ಜೊತೆ ಮಗುವಿನ ಬಟ್ಟೆ ತರಲು ಮನೆಗೆ ಬಂದಳು. ಲಾರಿ ಬಾಗಿಲು ತೆರೆದು ನಿಂತಿತ್ತು. ಮಂಚ, ಸೋಫಾ ಆಗಲೇ ಒಳಗಿದ್ದವು. ಅಧಿಕಾರಿ ಕೋರ್ಟಿನ ಕಾಗದಗಳನ್ನು ಡೆರಿಲ್‌ನ ಕೈಗಿತ್ತು, ಅವಳ ಹತ್ತಿರ ಬರಕೂಡದೆಂಬ ಆಜ್ಞೆಯನ್ನು ಓದಿ ಹೇಳಿದ. ಡೆರಿಲ್ ಹಲ್ಲು ಕಚ್ಚಿ ಲಾರಿಯ ಪಕ್ಕ ನಿಂತ. ಮಾತಾಡಿದ್ದು ವರ್ಲೀನ್.

"ದೇವರ ಮುಂದೆ ಮಾತು ಕೊಟ್ಟಿದೀಯಲ್ಲೇ! ಅದು ಈ ರಾಜ್ಯ ಆ ರಾಜ್ಯ ಅಂತ ಬದಲಾಗುತ್ತೇನೇ?"

"ಮಾತು ಇಬ್ಬರೂ ಕೊಟ್ಟಿದ್ವಿ ಅಮ್ಮಾ. ಪ್ರೀತಿಸ್ತೀನಿ, ಕಾಪಾಡ್ತೀನಿ ಅಂತ ಅವನೂ ಅಂದಿದ್ದ. ಅದನ್ನ ಅವನು ಮುರಿದಾಗ ನೀವ್ಯಾರೂ ಲಾರಿ ತರಲಿಲ್ಲ."

"ಗಂಡಸಿನ ಕೈ ಒಂದೊಂದ್ಸಲ ಮುಂದಾಗುತ್ತೆ. ನಾನು ಬಾಳಲಿಲ್ವಾ ನಲವತ್ತು ವರ್ಷ?"

"ನಿಮ್ಮ ಎಡಗೈಯ ಆ ಎರಡು ಬೆರಳು ಯಾಕೆ ಮಡಿಸೋಕೆ ಬರಲ್ಲ ಅಮ್ಮಾ?"

ವರ್ಲೀನ್ ಕೈಯನ್ನು ಕೋಟಿನ ಜೇಬಿಗೆ ತೂರಿಸಿದಳು. "ಸತ್ತೋನ ಸುದ್ದಿ ಎತ್ತಬೇಡ!"

"ಎತ್ತಲ್ಲ. ಓಪಲ್ ಸುದ್ದಿನೂ ಯಾರೂ ಎತ್ತಲಿಲ್ಲ. ಅವಳನ್ನ ತವರಿಂದ ಕರ್ಕೊಂಡು ಬರೋಕೆ ಹೋದ ಕಾರಲ್ಲಿ ನೀವೂ ಕೂತಿದ್ರಿ. ನಾನು ಈ ಲಾರಿ ಹತ್ತಲ್ಲ. ನನ್ನ ಮಗಳೂ ಹತ್ತಲ್ಲ."

"ಹಾಳಾಗಿ ಹೋಗು!" ಎಂದು ಡೆರಿಲ್ ಒಂದು ಹೆಜ್ಜೆ ಮುಂದಿಟ್ಟ. ಅಧಿಕಾರಿ ಎರಡು ಹೆಜ್ಜೆ ಮುಂದಿಟ್ಟ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಡೆರಿಲ್ ತನ್ನ ಸಿಟ್ಟನ್ನು ತಾನೇ ನುಂಗಿಕೊಂಡ. ಅದು ಅವನ ಕೈಲಿ ಆಗದ ಕೆಲಸವೆಂದು ಊರೆಲ್ಲ ಅವಳನ್ನು ನಂಬಿಸಿತ್ತು!

ಚಳಿಗಾಲ ಮುಗಿಯುವ ಮೊದಲು ವಿಚ್ಛೇದನವಾಯಿತು, ವಿಲ್ಲಾ ಅಮ್ಮನ ಬಳಿಯೇ ಉಳಿದಳು. ನ್ಯಾಯಾಧೀಶೆ ಕೇಳಿದ್ದು ಕೆಲವೇ ಪ್ರಶ್ನೆ. ಪಾಸ್ಟರ್ ಹೋಲ್ಟ್ ಪತ್ರ ಬರೆದು, ದೇವರ ಲೆಕ್ಕದಲ್ಲಿ ಅವಳಿನ್ನೂ ಡೆರಿಲ್‌ನ ಹೆಂಡತಿಯೇ ಎಂದ. ರೊವೀನಾ ಅದನ್ನು ಪೂರ್ತಿ ಓದದೆ ಒಲೆಗೆ ಹಾಕಿದಳು.

ವಸಂತದಲ್ಲಿ ಒಂದು ಮಧ್ಯಾಹ್ನ ಡೆರಿಲ್‌ನ ತಂಗಿ ಕ್ಯಾಸಿ ಫೋನು ಮಾಡಿದಳು. ಅವಳಿಗೆ ಹತ್ತೊಂಬತ್ತು ವರ್ಷ, ಮದುವೆ ಗೊತ್ತಾಗಿತ್ತು.

"ಅತ್ತಿಗೆ, ಇವತ್ತು ಮದುವೆ ಲೈಸೆನ್ಸ್ ತಗೊಳ್ಳೋಕೆ ಹೋಗಿದ್ವಿ. ಅಮ್ಮ ನಾನೂ ಬರ್ತೀನಿ ಅಂತ ಕೋಟು ಹಾಕ್ಕೊಂಡು ಬಂದ್ಲು. ಯಾವ ಬಗೆ ಮದುವೆ ಅಂತ ಗುಮಾಸ್ತೆ ಕೇಳಿದ್ಲು. ನಾನು ಬಾಯಿ ತೆಗೆಯೋ ಮೊದಲೇ ಅಮ್ಮ 'ಸಾದಾದ್ದು ಕೊಡಿ' ಅಂದುಬಿಟ್ಲು."

ರೊವೀನಾ ತಿರುವುತ್ತಿದ್ದ ಸೌಟನ್ನು ಕೆಳಗಿಟ್ಟಳು.

"ಪಾಸ್ಟರ್?"

"ಮದುವೆ ಮಾಡಿಸಲ್ಲ ಅಂದ್ರು. ಬೇರೆ ಚರ್ಚು ನೋಡಿದೀವಿ. ಆದ್ರೆ ಅತ್ತಿಗೆ, ನಮ್ಮ ಸಭೆಯಲ್ಲಿ ಇನ್ನೂ ಮೂವರು ಹುಡುಗೀರ ಮದುವೆ ಇದೆ ಈ ವರ್ಷ. ಎಲ್ಲರೂ ಒಡಂಬಡಿಕೆಗೇ ಸಹಿ ಹಾಕ್ತಾರಂತೆ. ಏನು ಅಂತ ಒಬ್ಬಳಿಗೂ ಗೊತ್ತಿಲ್ಲ."

"ಯಾರ್ಯಾರು?" ರೊವೀನಾ ಒಲೆಯ ಉರಿ ಆರಿಸಿ ಕೂತಳು. "ಹೆಸರು ಹೇಳು, ಫೋನ್ ನಂಬರೂ ಹೇಳು. ಇವತ್ತೇ ಮಾತಾಡ್ತೀನಿ."