ಹದಿನಾಲ್ಕು ಸಲ ಚುಚ್ಚಿದ ಹಾರ್ಡ್ ಡಿಸ್ಕ್

ಏನು ಕೆಟ್ಟರೂ ಸ್ಕ್ರೂಡ್ರೈವರ್ ಹಿಡಿದು ಕೂರುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ವಡೋದರಾ ಪಕ್ಕದ ಕೊಯಾಲಿ ಟೌನ್‌ಶಿಪ್ಪಿನಲ್ಲಿ, ಕಮಲಾಕ್ಷಿಯ ಪಾಲಿಗೆ ಬಂದವನು ಗಂಡ ಚಂದ್ರಕಾಂತ. ರಿಫೈನರಿಯಲ್ಲಿ ಇಪ್ಪತ್ತೆರಡು ವರ್ಷ ಪಂಪು ರಿಪೇರಿ ಮಾಡಿದ್ದಾನೆ. ಹಾಗಾಗಿ ಲೋಕದಲ್ಲಿರುವುದೆಲ್ಲ ಪಂಪೇ ಎಂದು ಅವನ ನಂಬಿಕೆ.

ಆ ಭಾನುವಾರ ಕೆಟ್ಟದ್ದು ಹಾರ್ಡ್ ಡಿಸ್ಕ್. ಅದರಲ್ಲಿ ಕಮಲಾಕ್ಷಿಯ ಅಮ್ಮ ಹಾಡಿದ ಹನ್ನೊಂದು ಸೋಬಾನೆ ಹಾಡುಗಳಿದ್ದವು. "ಅರ್ಪಿತಾ ಮದುವೆಗೆ ನಾನಿರ್ತೀನೋ ಇಲ್ವೋ, ಹಾಡಾದ್ರೂ ಇರ್ಲಿ" ಎಂದು ಹಾಡಿಟ್ಟು ಹೋದ ಜೀವ ಅದು. ಆ ಮೊಮ್ಮಗಳ, ಅಂದರೆ ಕಮಲಾಕ್ಷಿಯ ಮಗಳ, ಮದುವೆಗೆ ಇನ್ನು ಇಪ್ಪತ್ತೇ ದಿನ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ಚಂದ್ರಕಾಂತ ಪಂಪಿನ ಸದ್ದು ಕೇಳುವ ಹಾಗೆಯೇ, ಸ್ಕ್ರೂಡ್ರೈವರ್ ತುದಿಯನ್ನು ಡಿಸ್ಕಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡ. ಒಳಗೆ ಟಕ್, ಟಕ್, ಟಕ್.

"ಬೇರಿಂಗ್ ಹೋಗಿದೆ ಕಣೇ. ಬಿಚ್ಚಿದ್ರೆ ಸರಿಹೋಗುತ್ತೆ."

"ರೀ, ಅದು ಪಂಪಲ್ಲ ರೀ! ಗೊತ್ತಿರೋರನ್ನ ಕೇಳಿ."

"ನನಗೇ ಹೇಳ್ಕೊಡ್ತೀಯಾ?"

ಡಿಸ್ಕಿನ ವಯರನ್ನು ಲ್ಯಾಪ್‌ಟಾಪಿಗೆ ಚುಚ್ಚಿದ, ಕಿತ್ತ, ಮತ್ತೆ ಚುಚ್ಚಿದ. ಡಿಸ್ಕಿನ ಬೆನ್ನಿಗೆ ಎರಡೇಟು ಬೇರೆ. ಕಮಲಾಕ್ಷಿ ಎಣಿಸುತ್ತಲೇ ಇದ್ದಳು, ಹದಿನಾಲ್ಕು ಸಲ. ಅವಳ ಮೈಯೆಲ್ಲ ಉರಿದುಹೋಯಿತು. ಅವನು ಸ್ಕ್ರೂಗೆ ಕೈಹಾಕಿದ್ದೇ ತಡ, ಡಿಸ್ಕನ್ನು ಕಿತ್ತುಕೊಂಡು ಎದುರು ಮನೆಯ ಐಶ್ವರ್ಯಾಳ ಹತ್ತಿರ ಹೋದಳು. ಐಶ್ವರ್ಯಾ ರಿಫೈನರಿಯ ಕಂಪ್ಯೂಟರ್ ವಿಭಾಗದ ಹುಡುಗಿ. ಚಂದ್ರಕಾಂತನೂ ಗೊಣಗುತ್ತಾ ಹಿಂದೆ ಬಂದ.

"ಅಂಕಲ್, ಒಳಗೆ ತಟ್ಟೆ ತಿರುಗ್ತಿರುತ್ತೆ. ಅದನ್ನ ಓದೋ ಹೆಡ್ ಕೆಟ್ರೆ ಹೀಗೆ ಟಕ್ ಟಕ್ ಅನ್ನುತ್ತೆ. ಪ್ರತಿ ಸಲ ಚುಚ್ಚಿದಾಗ್ಲೂ ಅದು ತಟ್ಟೆನ ಗೀಚಬಹುದು. ಗೀಚಿದ ಜಾಗದಲ್ಲಿದ್ದದ್ದು ಮತ್ತೆ ಸಿಗಲ್ಲ."

"ಸಾಫ್ಟ್‌ವೇರ್ ಹಾಕಿದ್ರೆ ಬರುತ್ತಂತಲ್ಲ? ಫ್ರಿಜ್ಜಲ್ಲಿಟ್ರೆ?"

"ತಪ್ಪಿ ಡಿಲೀಟ್ ಆಗಿದ್ರೆ ಸಾಫ್ಟ್‌ವೇರ್ ಸರಿ. ಒಳಗೇ ಮುರಿದಿದ್ರೆ ಅದರಿಂದ ಇನ್ನೂ ಹಾಳು. ಫ್ರಿಜ್ಜು ತರಕಾರಿಗೆ, ಅಂಕಲ್! ಅಹಮದಾಬಾದಲ್ಲಿ ರಿಕವರಿ ಲ್ಯಾಬಿದೆ. ಧೂಳಿಲ್ಲದ ರೂಮಲ್ಲಿ ಬಿಚ್ಚಿ, ಹೆಡ್ ಬದಲಾಯಿಸಿ, ಕಾಪಿ ತೆಗೀತಾರೆ. ಮೊದಲು ಪರೀಕ್ಷೆ ಮಾಡಿ ಖರ್ಚು ಬರೆದುಕೊಡಲಿ, ಆಮೇಲೆ ಒಪ್ಕೊಳ್ಳಿ."

ಡಿಸ್ಕನ್ನು ಲ್ಯಾಬಿಗೆ ಕೊಟ್ಟ ಹನ್ನೆರಡನೆಯ ದಿನ ಹಾಡುಗಳು ಬಂದವು. ಹನ್ನೊಂದರಲ್ಲಿ ಹತ್ತು. ಹೆಣ್ಣು ಒಪ್ಪಿಸುವ ಹಾಡು ಬರಲೇ ಇಲ್ಲ. ತಟ್ಟೆಯ ಆ ಭಾಗ ಗೀಚಿಹೋಗಿದೆ ಎಂದರು ಲ್ಯಾಬಿನವರು. ಕಮಲಾಕ್ಷಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

"ನನ್ನದೇ ತಪ್ಪು ಕಣೇ" ಎಂದ ಚಂದ್ರಕಾಂತ. ತಮ್ಮಿಬ್ಬರ ಮದುವೆಯಾದ ಮೇಲೆ ಅವನು ಆ ಮಾತು ಆಡಿದ್ದು ಅದೇ ಮೊದಲು. ಉಳಿದ ಹತ್ತನ್ನು ಅಂದೇ ಮೂರು ಕಡೆ ಇಟ್ಟ: ಲ್ಯಾಪ್‌ಟಾಪಿನಲ್ಲಿ, ಹೊಸ ಡಿಸ್ಕಿನಲ್ಲಿ, ಆನ್‌ಲೈನಿನಲ್ಲಿ.

ಮದುವೆಯಲ್ಲಿ ಅಜ್ಜಿಯ ಹತ್ತು ಹಾಡು ಮೊಳಗಿದವು. ಹೆಣ್ಣು ಒಪ್ಪಿಸುವ ಹೊತ್ತಿಗೆ ಮಾತ್ರ ಕಮಲಾಕ್ಷಿಯೇ ಹಾಡಿದಳು. ಅವಳಿಗೆ ನೆನಪಿದ್ದದ್ದು ಎರಡೇ ಸಾಲು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಡಿಸ್ಕು ಟಕ್ ಎಂದರೆ ಮೊದಲನೇ ಸಲಕ್ಕೇ ವಯರು ಕಿತ್ತುಬಿಡಿ. ಮತ್ತೆ ಚುಚ್ಚಬೇಡಿ, ಬಿಚ್ಚಬೇಡಿ, ಬಲ್ಲವರ ಕೈಗೆ ಕೊಡಿ. ಅದಕ್ಕಿಂತ ಮೊದಲು, ಅದು ನೆಟ್ಟಗಿರುವ ಇವತ್ತೇ, ಇನ್ನೆರಡು ಕಡೆ ಪ್ರತಿ ಮಾಡಿಡಿ. ಎರಡೇ ಸಾಲಿನಲ್ಲಿ ಮಗಳನ್ನು ಕಳಿಸಿಕೊಡುವ ಗತಿ ನಿಮಗೆ ಬೇಡ.