ಹದಿನಾಲ್ಕು ದಿನದ ಉಪ್ಪು

ನಮ್ಮನೆಯವರಿಗೆ ಉಪ್ಪು ಚೆನ್ನಾಗಿ ತಿನ್ನಿಸಿ ಎಂದು ಸರ್ಜನ್ ಹೇಳಿದಾಗ ನನಗೆ ಸಿಡಿಲು ಬಡಿದಂತಾಯಿತು. ಏನಂದಿರಿ ಎಂದು ಮತ್ತೆ ಕೇಳಿದೆ. ಅವರು ಅದನ್ನೇ ಹೇಳಿದರು, ಈ ಸಲ ಇನ್ನೂ ನಿಧಾನವಾಗಿ, ಕಿವಿ ಮಂದವಾದವರಿಗೆ ಹೇಳುವ ಹಾಗೆ.

ನನ್ನ ಕಿವಿ ನೆಟ್ಟಗೇ ಇದೆ. ಆದರೆ ಆರು ವರ್ಷದ ಹಿಂದೆ ಬೇರೊಬ್ಬ ಡಾಕ್ಟರು, ಇವರಿಗೆ ಬಿ.ಪಿ. ಇದೆ, ಉಪ್ಪು ವಿಷ ಎಂದುಕೊಳ್ಳಿ ಎಂದಿದ್ದರು. ಅವತ್ತೇ ಉಪ್ಪಿನ ಡಬ್ಬಿಯನ್ನು ಕೈಗೆಟುಕದ ಕಡೆ ಎತ್ತಿಟ್ಟೆ. ಇವರಿಗೆ ಮಾಡಿದ ಸಪ್ಪೆಯನ್ನೇ ನಾನೂ ತಿಂದೆ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ದಿನಾ ಇನ್ನೂರು ಜನಕ್ಕೆ ಬೇಯಿಸುವವಳು ನಾನು. ಚಮಚ ಮುಟ್ಟದೆ ಅಂಗೈಯಲ್ಲೇ ಉಪ್ಪು ಅಳೆಯುತ್ತೇನೆ, ಒಂದು ದಿನವೂ ಹದ ತಪ್ಪಿಲ್ಲ. ಅಂಥವಳು ಮನೆಗೆ ಬಂದು ಸಪ್ಪೆ ಮಾಡುವುದೆಂದರೆ ಸಣ್ಣ ಮಾತಲ್ಲ.

ಇವರಿಗೆ ಗಡಿಯಾರ ರಿಪೇರಿ ಕೆಲಸ. ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಕಾಳಿಗಿಂತ ಸಣ್ಣ ಸ್ಕ್ರೂಗಳ ಜೊತೆ ದಿನ ಕಳೆಯುತ್ತಾರೆ. ಬಡಿಸಿದ್ದನ್ನು ಉಂಡು ತಟ್ಟೆ ತೊಳೆದಿಡುವ ಮನುಷ್ಯ. ಎರಡು ವರ್ಷದಿಂದ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುವುದು, ತಲೆ ಸಿಡಿಯುವುದು, ಅಂಗಿ ಒದ್ದೆಯಾಗುವಷ್ಟು ಬೆವರುವುದು ಶುರುವಾಗಿತ್ತು. ಹೆದರಿಕೆ ಇರಬೇಕು ಎಂದು ಎಲ್ಲರೂ ಹೇಳಿದರು. ಗಂಡಸಾಗಿ ಇಷ್ಟು ಪುಕ್ಕಲಾದರೆ ಹೇಗೆ ಎಂದು ನಾನೂ ರೇಗಿದ್ದೆ. ಕೊನೆಗೆ ಸ್ಕ್ಯಾನ್ ಮಾಡಿದರೆ, ಎಡ ಮೂತ್ರಪಿಂಡದ ತಲೆಯ ಮೇಲೆ ಕೂತಿರುವ ಚಿಕ್ಕ ಗ್ರಂಥಿಯಲ್ಲಿ ಗಡ್ಡೆ.

ಆ ಗಡ್ಡೆ ಆಗಾಗ ಒಂದು ರಸ ಸುರಿಸಿ ರಕ್ತನಾಳಗಳನ್ನು ಹಿಂಡುತ್ತದೆಯಂತೆ. ಆಪರೇಷನ್ನಿಗೆ ಮುಂಚೆ ಎರಡು ವಾರ ಮಾತ್ರೆ ಕೊಟ್ಟು ನಾಳಗಳನ್ನು ಸಡಿಲ ಮಾಡಬೇಕು. ಸಡಿಲವಾದ ನಾಳ ತುಂಬಿಕೊಳ್ಳಲು ಉಪ್ಪು ಬೇಕು, ನೀರು ಬೇಕು. ದಿನಕ್ಕೆರಡು ಸಲ, ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿ.ಪಿ. ನೋಡಿ ಪುಸ್ತಕದಲ್ಲಿ ಬರೆಯಬೇಕು. ಉಪ್ಪು ಕೊಟ್ಟಿದ್ದಕ್ಕೆ ಒಂದು ಗುರುತು ಹಾಕಬೇಕು. ಮಾತ್ರೆಯ ಖಾಲಿ ಪಟ್ಟಿಗಳನ್ನು ಎಸೆಯದೆ ತರಬೇಕು. ಸರ್ಜನ್ ಇಷ್ಟನ್ನೂ ನಮ್ಮಿಬ್ಬರ ಎದುರೇ ಬಿಡಿಸಿ ಹೇಳಿದರು. ನಾನು ತಲೆ ಆಡಿಸಿದೆ.

ತಲೆ ಆಡಿಸಿದೆನೇ ಹೊರತು ಒಪ್ಪಲಿಲ್ಲ. ಹೇಳುವವನು ಹೆಡ್ಡನಾದರೆ ಕೇಳುವವನಿಗೆ ಬುದ್ಧಿ ಬೇಡವೇ? ಬಿ.ಪಿ. ಇರುವವರಿಗೆ ಉಪ್ಪು ಸುರಿಯುವುದು ಯಾವ ಊರ ನ್ಯಾಯ? ಕತ್ತರಿ ಹಿಡಿಯುವವರಿಗೆ ಒಲೆಯ ವಿಷಯ ಏನು ಗೊತ್ತು ಎಂದುಕೊಂಡೆ. ಇಷ್ಟು ವರ್ಷ ಇವರನ್ನು ಉಳಿಸಿಕೊಂಡದ್ದು ನನ್ನ ಸಪ್ಪೆ ಅಡುಗೆ, ಅದನ್ನು ಕೊನೆಯ ಎರಡು ವಾರದಲ್ಲಿ ಹಾಳು ಮಾಡುವುದಿಲ್ಲ ಎಂದು ನಿರ್ಧಾರ ಮಾಡಿದೆ. ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಡಾಕ್ಟರ ಮಾತಿನಂತೆ ನಡೆ ಎನ್ನುತ್ತಿದ್ದರು.

ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ. ನೀರನ್ನು ಎದುರಿಗೆ ನಿಂತು ಕುಡಿಸಿದೆ. ಅಡುಗೆ ಸಪ್ಪೆಯಾಗಿಯೇ ಇತ್ತು, ಪುಸ್ತಕದಲ್ಲಿ ದಿನವೂ ಉಪ್ಪಿನ ಗುರುತು ಬಿತ್ತು. ಇವರು ಮೊದಲ ದಿನ ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ ಉಂಡರು. ನಾಲ್ಕನೇ ದಿನದಿಂದ ನಿಂತರೆ ಕಣ್ಣು ಕತ್ತಲೆ ಬರುತ್ತದೆ ಎಂದರು. ಪಾಪ, ಯಾಕೆ ನಿಲ್ಲಿಸಿ ಗೋಳು ಹೊಯ್ದುಕೊಳ್ಳಲಿ ಎಂದು ಕೂರಿಸಿಯೇ ಬಿ.ಪಿ. ನೋಡಿ, ಪುಸ್ತಕದಲ್ಲಿ ನಿಂತಾಗಿನ ಅಂಕಿಯ ಜಾಗದಲ್ಲಿ ಅದನ್ನೇ ಬರೆದೆ. ಏಳನೇ ದಿನ ಆಸ್ಪತ್ರೆಯಿಂದ ಫೋನ್ ಮಾಡಿ, ಉಪ್ಪು ನಡೆಯುತ್ತಿದೆಯೇ ಎಂದು ಕೇಳಿದರು. ನಡೆಯುತ್ತಿದೆ ಎಂದೆ.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಆಸ್ಪತ್ರೆ ಸೇರಿದೆವು. ನಾಳೆ ಆಪರೇಷನ್ನಿಗೆ ಮುಂಚೆ ಇವರಿಗೆ ಮತ್ತು ಬರುವ ಮದ್ದು ಕೊಡಬೇಕಾದ ಡಾಕ್ಟರಮ್ಮ ಬಂದರು. ಪುಸ್ತಕ ತಿರುವಿ, ಬಹಳ ಚೆನ್ನಾಗಿ ಬರೆದಿದ್ದೀರಿ ಎಂದು ಹೊಗಳಿದರು. ನಾನು ಉಬ್ಬಿಹೋದೆ. ಹಾಗೇ ಒಂದು ಸಲ ಎದ್ದು ನಿಲ್ಲಿ ಎಂದು ಇವರಿಗೆ ಹೇಳಿ, ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು.

ಇವರು ನಿಂತರು. ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದರು. ಮುಖದ ರಕ್ತವೆಲ್ಲ ಇಳಿದು ಬಿಳುಚಿಕೊಂಡಿತು. ಮಂಚದ ಕಂಬಿ ಹಿಡಿಯಲು ಹೋದ ಕೈ ತಪ್ಪಿ, ನಿಂತ ಮನುಷ್ಯ ನಿಂತಲ್ಲೇ ಕುಸಿದರು. ನರ್ಸಮ್ಮ ಹಿಡಿಯದಿದ್ದರೆ ತಲೆ ನೆಲಕ್ಕೆ ಬಡಿಯುತ್ತಿತ್ತು.

ಇವರನ್ನು ಮಲಗಿಸಿ, ಕಾಲು ಎತ್ತರಿಸಿ, ಸಲೈನ್ ಹಾಕಿದ ಮೇಲೆ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದರು. ಕೈಯಲ್ಲಿ ನನ್ನ ಪುಸ್ತಕ ಇತ್ತು.

"ನಾಳೆ ಇವರಿಗೆ ಹೀಗೇ ಮತ್ತು ಕೊಟ್ಟಿದ್ರೆ, ಗಡ್ಡೆ ತೆಗೆದ ಕೂಡ್ಲೇ ಬಿ.ಪಿ. ಪಾತಾಳಕ್ಕೆ ಇಳೀತಿತ್ತು. ವಾಪಸ್ ಮೇಲೆ ತರೋಕೆ ನಮ್ಮ ಕೈಲಿ ಆಗ್ತಿತ್ತೋ ಇಲ್ವೋ, ನಂಗೊತ್ತಿಲ್ಲ. ಉಪ್ಪು ಕೊಟ್ರಾ ಅಮ್ಮ?"

"ಇಲ್ಲ," ಎಂದೆ.

"ಒಂದು ದಿನಾನೂ?"

"ಒಂದು ದಿನಾನೂ ಇಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ, ನನ್ನ ನಾಲಿಗೆಗೆ ಆ ಅಭ್ಯಾಸ ಇದೆ. ಆಪರೇಷನ್ ಹತ್ತು ದಿನ ಮುಂದಕ್ಕೆ ಹೋಯಿತು, ಅಲ್ಲಿಯವರೆಗೆ ಊಟ ಆಸ್ಪತ್ರೆಯದೇ ಎಂದಷ್ಟೇ ಹೇಳಿ ಹೋದರು. ಇನ್ನೊಂದು ದಿನ ಕಳೆದಿದ್ದರೆ ಇವರನ್ನು ನನ್ನ ಕೈಯಾರೆ ಕೊಂದಿರುತ್ತಿದ್ದೆ.

ಒಳಗೆ ಹೋದರೆ ಇವರು ದಿಂಬಿಗೆ ಒರಗಿದ್ದರು. ನರ್ಸಮ್ಮ ಒಂದು ದೊಡ್ಡ ಲೋಟದಲ್ಲಿ ಬಿಸಿ ತರಕಾರಿ ಸೂಪ್ ತಂದು ಕೊಟ್ಟರು. ಇವರು ಒಂದು ಗುಟುಕು ಕುಡಿದು ನಿಲ್ಲಿಸಿದರು. ಇನ್ನೊಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದರು. ಕಣ್ಣಂಚಿನಲ್ಲಿ ನೀರು.

"ರುಚಿ ಗೊತ್ತಾಗ್ತಿದೆ ಕಣೇ," ಎಂದರು. "ನನ್ನ ನಾಲಿಗೆ ಸತ್ತೇ ಹೋಯ್ತು ಅಂದ್ಕೊಂಡಿದ್ದೆ. ಎರಡು ವಾರದಿಂದ ನೀನು ಅಷ್ಟು ಉಪ್ಪು ಹಾಕ್ತಿದೀಯ, ನಂಗೆ ಒಂದು ಚೂರೂ ಹತ್ತುತ್ತಾ ಇರ್ಲಿಲ್ಲ. ಗಡ್ಡೆ ನಾಲಿಗೇಗೂ ಬಂತೇನೋ, ಇನ್ನು ಉಳಿಯೋದು ಅನುಮಾನ ಅಂತ... ನಿಂಗೆ ಹೇಳಿದ್ರೆ ಹೆದರ್ಕೋತೀಯ ಅಂತ ಸುಮ್ನಿದ್ದೆ."

ಹದಿನಾಲ್ಕು ದಿನ ಈ ಮನುಷ್ಯ ಸಾವು ಬಂತೆಂದುಕೊಂಡೇ ನನ್ನ ಎದುರು ಕೂತು ಉಂಡಿದ್ದರು. ಸುಳ್ಳು ಹೇಳಬಹುದಿತ್ತು. ಸಲೈನ್ ಹೋಗಿದೆಯಲ್ಲ, ಅದಕ್ಕೇ ನಾಲಿಗೆ ಸರಿಹೋಯಿತು ಎಂದಿದ್ದರೆ ನಂಬುತ್ತಿದ್ದರು. ಆದರೆ ಸುಳ್ಳು ಬರೆದ ಪುಸ್ತಕ ಅಲ್ಲೇ ಮೇಜಿನ ಮೇಲಿತ್ತು.

"ನಿಮ್ಮ ನಾಲಿಗೆ ಚೆನ್ನಾಗೇ ಇತ್ತು. ನಾನು ಉಪ್ಪೇ ಹಾಕಿರ್ಲಿಲ್ಲ," ಎಂದೆ. ಯಾಕೆಂದು ಹೇಳಿದೆ, ಗುರುತುಗಳ ವಿಷಯ ಹೇಳಿದೆ, ಕೂರಿಸಿ ನೋಡಿ ನಿಂತದ್ದೆಂದು ಬರೆದದ್ದನ್ನೂ ಹೇಳಿದೆ.

ಇವರು ಲೋಟವನ್ನು ಕೆಳಗಿಟ್ಟರು. ಕೋಪ ಮಾಡಿಕೊಳ್ಳುತ್ತಾರೆ ಎಂದು ಕಾದೆ. ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯಾದರೂ ಕೋಪ ಬರಲಿ ಎಂದು ಬೇಡಿಕೊಂಡೆ.

"ಮಾತ್ರೆ ಕೊಟ್ಟಿದ್ದು ನಿಜ ತಾನೇ?" ಎಂದು ಕೇಳಿದರು.

"ನಿಜ," ಎಂದೆ. ನನ್ನ ದನಿ ನನಗೇ ಸುಳ್ಳಿನಂತೆ ಕೇಳಿಸಿತು.

ಚೀಲ ಕೊಡು ಎಂದು ಕೈ ಚಾಚಿದರು. ಅದರಲ್ಲಿದ್ದ ಮಾತ್ರೆಯ ಖಾಲಿ ಪಟ್ಟಿಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಜೋಡಿಸಿದರು. ಜೇಬಿನಿಂದ ಮಸೂರ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ಮೊದಲ ದಿನದಿಂದ ಮಾತ್ರೆ ಕೂತಿದ್ದ ಒಂದೊಂದೇ ಗುಳಿಯ ಮೇಲೆ ಬೆರಳಿಟ್ಟು ಎಣಿಸತೊಡಗಿದರು.